ಚಿನ್ನ ಮುಗಿದ ಊರಿನ ಮರಗಳು

(ನಮ್ಮ ದೇವಾಲಯದ ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಪೂರ್ಣಪಾಠ)



ಸೃಷ್ಟಿಯ ಸಂರಕ್ಷಣೆಯನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಶತಮಾನೋತ್ಸವ ಸಮಿತಿಯವರು ನನಗೆ ಅಪ್ಪಣೆ ಮಾಡಿದ್ದಾರೆ. ಕಾಡಿನ ನಡುವೆ ಕುಳಿತವರ ಮುಂದೆ ಕಾಡಿನ ಮಹಿಮೆಯನ್ನು ಹೇಳತೊಡಗಿದರೆ ಕೇಳುವವರಿಗೆ ಆಕಳಿಕೆ ಬರುವುದು ಸಹಜ. ಆದುದರಿಂದ ನಾನು ಇಂದು ನಮ್ಮ ಸೀಮೆಯಿಂದ ಬಹು ದೂರದಲ್ಲಿ, ರಾಜ್ಯದ ಆ ತುದಿಯಲ್ಲಿರುವ ಒಂದು ಊರಿನ ವಿಷಯವನ್ನು ಹೇಳುತ್ತೇನೆ. ಅದು ಕೋಲಾರದ ಚಿನ್ನದ ಗಣಿ ಪ್ರದೇಶ, ಎಲ್ಲರ ಬಾಯಲ್ಲಿ ಕೆ.ಜಿ.ಎಫ್. ಇಲ್ಲಿರುವ ಯುವಕರಿಗೆ ಆ ಹೆಸರು 2018ರಲ್ಲಿ ತೆರೆಕಂಡ ಚಲನಚಿತ್ರದಿಂದ ಪರಿಚಿತವಾಗಿರಬಹುದು. ನಾನು ಹೇಳಹೊರಟಿರುವುದು ಅಲ್ಲಿಯ ಮರಗಳ ಕಥೆ. ಕೊನೆಯಲ್ಲಿ ಅದು ನಮ್ಮ ದೇವಾಲಯದ ಆವರಣಕ್ಕೇ ಬಂದು ನಿಲ್ಲುತ್ತದೆ. ಅಲ್ಲಿಯವರೆಗೆ ತಾವು ತಾಳ್ಮೆಯಿಂದಿರಬೇಕೆಂದು ಪ್ರಾರ್ಥಿಸುತ್ತೇನೆ.

ಕೋಲಾರ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 70 ಸೆಂಟಿಮೀಟರು. ನಮ್ಮ ಜೋಯಿಡಾದ ಕ್ಯಾಸಲ್‌ರಾಕ್ ಕಡೆ ಆಷಾಢ ಶ್ರಾವಣಗಳಲ್ಲಿ ಸುರಿಯುವುದನ್ನು ಕಂಡವರಿಗೆ ಅದು ಮಳೆಯೆಂದೇ ಅನಿಸಲಿಕ್ಕಿಲ್ಲ. ಸದಾ ಹರಿಯುವ ಹೊಳೆಯಿಲ್ಲ. ಬಂಡೆಗಳು, ಕುರುಚಲು ಗಿಡಗಳು, ಅಲ್ಲೊಂದು ಇಲ್ಲೊಂದು ಕೆರೆ. ಇಂಥ ನೆಲದ ಅಡಿಯಲ್ಲಿ ಚಿನ್ನದ ಎಳೆ ಹಾಯ್ದಿತ್ತು. 1870ರ ದಶಕದಲ್ಲಿ ಲಾವೆಲ್ ಎಂಬ ಐರಿಷ್ ಸೈನಿಕನು ಮೈಸೂರು ಸರ್ಕಾರದಿಂದ ಅಗೆಯುವ ಹಕ್ಕನ್ನು ಪಡೆದನು. 1880ರ ಸುಮಾರಿಗೆ ಲಂಡನ್ನಿನ ಜಾನ್ ಟೇಲರ್ ಕಂಪನಿಯವರು ಕಾಲಿಟ್ಟರು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿ ಬಂದಿತು. ಅದಕ್ಕೆ ಮುಂಚೆ ಯಂತ್ರಗಳನ್ನು ನಡೆಸಲು ಕಲ್ಲಿದ್ದಲೂ ಬೇಕಿತ್ತು, ಕಟ್ಟಿಗೆಯೂ ಬೇಕಿತ್ತು. ಮೊದಲೇ ವಿರಳವಾಗಿದ್ದ ಸುತ್ತಲಿನ ಗಿಡಮರಗಳು ಯಾವ ದಾರಿ ಹಿಡಿದವೆಂಬುದನ್ನು ತಾವೇ ಊಹಿಸಬಹುದು.

ನಾನು ಅಲ್ಲಿಗೆ ಹೋದದ್ದು ಎರಡೇ ಸಲ. ಮೊದಲನೆಯ ಸಲ ಗಣಿ ನಡೆಯುತ್ತಿತ್ತು. ನಮ್ಮ ಬೀಗರ ಕಡೆಯ ಒಬ್ಬರು ಗಣಿಯ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಬಂಗಾರಪೇಟೆಯಲ್ಲಿ ಗಾಡಿ ಬದಲಾಯಿಸಿ, ಮಾರಿಕುಪ್ಪಂ ಕಡೆಗೆ ಹೋಗುವ ಸಣ್ಣ ಮಾರ್ಗದಲ್ಲಿ ಹೊರಟಾಗ ಎರಡೂ ಬದಿಗೆ ಬಿಸಿಲು ಕಾದ ಬಯಲು. ಆದರೆ ಅಧಿಕಾರಿಗಳು ವಾಸಿಸುತ್ತಿದ್ದ ಬೀದಿಗೆ ಕಾಲಿಟ್ಟೊಡನೆ ನಾನು ಬೆರಗಾಗಿ ನಿಂತೆ. ದಾರಿಯ ಇಕ್ಕೆಲಗಳಲ್ಲಿ ಮಳೆಮರಗಳು, ಗುಲ್‌ಮೊಹರ್ ಮರಗಳು. ಹೆಂಚಿನ ಬಂಗಲೆಗಳ ಮುಂದೆ ಹುಲ್ಲುಹಾಸು, ಹೂವಿನ ಪಾತಿ, ಸುತ್ತಲೂ ಕತ್ತರಿಸಿದ ಬೇಲಿ. ಆ ಊರಿಗೆ ‘ಲಿಟ್ಲ್ ಇಂಗ್ಲೆಂಡ್’ ಎಂಬ ಹೆಸರು ಸುಮ್ಮನೆ ಬಂದುದಲ್ಲ. ಆಂಗ್ಲ ಎಂಜಿನಿಯರುಗಳು ತಮ್ಮ ಊರಿನ ನೆನಪಿಗೆ ಹಸಿರನ್ನು ಬೆಳೆಸಿಕೊಂಡಿದ್ದರು. ನೀರು ಪಾಲಾರ್ ನದಿಗೆ ಕಟ್ಟಿದ ಬೇತಮಂಗಲದ ಕೆರೆಯಿಂದ ಕೊಳವೆಗಳಲ್ಲಿ ಬರುತ್ತಿತ್ತು.

ಅಲ್ಲಿಂದ ಕಾರ್ಮಿಕರ ಲೈನುಗಳಿಗೆ ಹೋದರೆ ಬೇರೊಂದು ಲೋಕ. ಆರಂಭದ ದಶಕಗಳಲ್ಲಿ ಅವು ಬಿದಿರಿನ ತಟ್ಟಿಯ ಗುಡಿಸಲುಗಳ ಸಾಲುಗಳಾಗಿದ್ದವು. ನಾನು ನೋಡುವ ಹೊತ್ತಿಗೆ ಗೋಡೆ ಕಂಡಿದ್ದವು. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಒಬ್ಬನು ಓಡಾಡುವಷ್ಟೇ ಜಾಗ. ಉತ್ತರ ಆರ್ಕಾಟಿನಿಂದಲೂ ಸುತ್ತಲಿನ ತೆಲುಗು, ಕನ್ನಡ ಸೀಮೆಗಳಿಂದಲೂ ಬಂದ ಬಡವರು, ಬಹುಪಾಲು ದಲಿತರು, ಅಲ್ಲಿ ನೆಲೆಸಿದ್ದರು. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಆ ಕತ್ತಲೆಗೆ, ಆ ಕಾವಿಗೆ ಇಳಿಯುವ ಮುನ್ನ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದವರು ಎಷ್ಟೋ ಜನ. ಚಾಂಪಿಯನ್ ರೀಫ್ಸಿನಲ್ಲಿ ವಿಜಯಮಾತೆಯ ದೇವಾಲಯ ಇಂದಿಗೂ ಇದೆ. ಕಲ್ಲಿನ ಧೂಳಿನಿಂದ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ಎಂಬ ರೋಗವು ನಮ್ಮ ದೇಶದಲ್ಲಿ ಮೊದಲು ವರದಿಯಾದುದು ಈ ಗಣಿಗಳಿಂದಲೇ, 1934ರಲ್ಲಿ. ಲೈನುಗಳಲ್ಲಿಯೂ ಮರಗಳಿದ್ದವು, ಇಲ್ಲವೆನ್ನಲಾರೆ. ಯಾರೋ ಮನೆಯ ಮುಂದೆ ನೆಟ್ಟ ಒಂದು ಬೇವು, ದೇವಸ್ಥಾನದ ಬಳಿಯ ಅರಳಿ, ಇಗರ್ಜಿಯ ಬಾಗಿಲಲ್ಲಿ ಒಂದು ಹೊಂಗೆ. ಪಾಳಿ ಮುಗಿಸಿ ಬಂದವರು ಅದರಡಿಯಲ್ಲಿ ಮಾತಿಲ್ಲದೆ ಕುಳಿತಿರುತ್ತಿದ್ದರು. ಕೊಳವೆಯ ನೀರು ಬಂಗಲೆಯ ಗುಲಾಬಿಗೆ ಹೋಗುತ್ತಿತ್ತು. ಇವುಗಳಿಗೆ ಮುಖ ತೊಳೆದ ನೀರೇ ಗತಿ.

ಇನ್ನು ಗುಡ್ಡಗಳ ವಿಷಯ. ಊರಿನ ಎಲ್ಲಿ ನಿಂತು ನೋಡಿದರೂ ಕಾಣುವ ಬೂದುಬಣ್ಣದ ಗುಡ್ಡಗಳನ್ನು ನಾನು ಮೊದಲು ನಿಜವಾದ ಬೆಟ್ಟಗಳೆಂದೇ ತಿಳಿದೆ. ನಮ್ಮ ಬೀಗರು ನಕ್ಕು, ಅವು ಸಯನೈಡ್ ಗುಡ್ಡಗಳೆಂದು ಹೇಳಿದರು. ಚಿನ್ನದ ಅದಿರನ್ನು ಹಿಟ್ಟಿನಂತೆ ಪುಡಿಮಾಡಿ, ಸಯನೈಡ್ ಬೆರೆತ ನೀರಿನಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿಯುವ ಕೆಸರನ್ನು ಹೊರಗೆ ಸುರಿಯುತ್ತಾರೆ. ಅದು ಒಣಗಿ ರಾಶಿಯಾಗಿ, ರಾಶಿಯ ಮೇಲೆ ರಾಶಿ ಬಿದ್ದು ಗುಡ್ಡವಾಗುತ್ತದೆ. ಅಂಥ 13 ಗುಡ್ಡಗಳಿವೆ. ಅವುಗಳಲ್ಲಿ ಸುಮಾರು 3 ಕೋಟಿ 30 ಲಕ್ಷ ಟನ್ ಮರಳುಹಿಟ್ಟು ಇದೆಯೆಂದು ಸರ್ಕಾರದ ಲೆಕ್ಕ. ನೂರಿಪ್ಪತ್ತು ವರ್ಷಗಳಲ್ಲಿ ಆ ಗಣಿಗಳಿಂದ ಹೊರಬಂದ ಚಿನ್ನ 800 ಟನ್ನಿಗೆ ಮೇಲ್ಪಟ್ಟು. ಮನೆಯಲ್ಲಿ ಕುಳಿತು ಭಾಗಿಸಿ ನೋಡಿದೆ. ಒಂದು ತೊಲೆ ಚಿನ್ನಕ್ಕೆ ಸುಮಾರು ಅರ್ಧ ಟನ್ ಹಿಟ್ಟು ಬರುತ್ತದೆ. ಮದುವೆಯಲ್ಲಿ ಸೊಸೆಯ ಕೊರಳಿಗೆ ಎರಡು ತೊಲೆಯ ಸರವನ್ನು ಹಾಕುವಾಗ, ಒಂದು ಚಕ್ಕಡಿ ತುಂಬ ಬೂದಿಮಣ್ಣು ಯಾರದೋ ಊರಿನ ಪಕ್ಕದಲ್ಲಿ ಬಿದ್ದಿದೆಯೆಂದು ನಮಗೆ ಹೊಳೆಯುವುದಿಲ್ಲ. ನನಗೂ ಹೊಳೆದಿರಲಿಲ್ಲ, ನನ್ನ ಮಕ್ಕಳ ಮದುವೆಗಳಲ್ಲಿ ನಾನೂ ತೂಕ ಹಾಕಿಸಿದವನೇ.

ಆ ಗುಡ್ಡಗಳ ಮೇಲೆ ಮರ ಏಕೆ ಬೆಳೆಯುವುದಿಲ್ಲ? ಹೆಸರಿನಲ್ಲಿರುವ ವಿಷವೇ ಕಾರಣವೆಂದು ನಾವು ಅಂದುಕೊಳ್ಳುತ್ತೇವೆ. ವಾಸ್ತವವಾಗಿ ಸಯನೈಡ್ ಬಿಸಿಲಿಗೆ, ಗಾಳಿಗೆ ಕಾಲಕ್ರಮದಲ್ಲಿ ಬಹುಮಟ್ಟಿಗೆ ಒಡೆದುಹೋಗುವ ವಸ್ತು. ನಿಜವಾದ ಕೊರತೆ ಬೇರೆ. ಅದು ಮಣ್ಣಲ್ಲ. ಭೂಮಿಯ ಕರುಳಿನಿಂದ ತೆಗೆದು ಅರೆದ ಕಲ್ಲು ಅದು. ಅದರಲ್ಲಿ ಎಲೆ ಕೊಳೆತ ಗೊಬ್ಬರವಿಲ್ಲ, ಎರೆಹುಳವಿಲ್ಲ, ಬೇರಿಗೆ ಸಹಾಯ ಮಾಡುವ ಸೂಕ್ಷ್ಮಜೀವಿಗಳಿಲ್ಲ. ಮಳೆ ಬಂದರೆ ನೀರು ಇಂಗದೆ ಕೊರೆದುಕೊಂಡು ಹರಿಯುತ್ತದೆ. ಒಣಗಿದರೆ ಮೇಲೆ ಹೆಕ್ಕಳೆಗಟ್ಟುತ್ತದೆ. ಬಿದ್ದ ಬೀಜ ಮೊಳೆತರೂ ಬೇರಿಗೆ ಹಿಡಿತ ಸಿಕ್ಕುವುದರೊಳಗೆ ಗಾಳಿ ಅದನ್ನು ಬಯಲಿಗೆ ತಂದುಬಿಡುತ್ತದೆ. ಗಾಳಿಯ ತಿಂಗಳುಗಳಲ್ಲಿ ಅದೇ ಹಿಟ್ಟು ಎದ್ದು ಊರಿನ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ, ಮುಚ್ಚದ ಅನ್ನದ ಪಾತ್ರೆಯ ಮೇಲೆ ಕೂರುತ್ತದೆ. ಇಂಥ ಗುಡ್ಡವನ್ನು ಹಸಿರು ಮಾಡಲು ಉಪಾಯಗಳಿಲ್ಲದಿಲ್ಲ. ಇಳಿಜಾರನ್ನು ಮೆಟ್ಟಿಲುಮೆಟ್ಟಿಲಾಗಿ ತಗ್ಗಿಸಬೇಕು, ಬುಡದಲ್ಲಿ ಒಡ್ಡು ಕಟ್ಟಬೇಕು, ಬೇರೆ ಕಡೆಯಿಂದ ಮಣ್ಣು, ಸಗಣಿಗೊಬ್ಬರ ತಂದು ಗುಂಡಿ ತುಂಬಬೇಕು, ಮೊದಲು ಹುಲ್ಲು ಹಿಡಿಸಬೇಕು, ಆಮೇಲೆ ಹೊಂಗೆಯಂಥ ಗಟ್ಟಿ ಜಾತಿಯ ಗಿಡಗಳು. ಒಂದು ತಲೆಮಾರಿನ ದುಡಿತ. ಬೇರೆ ಕಡೆ ಹುಲ್ಲು ಹುಟ್ಟದಂತೆ ಮಾಡಲು ರೈತನು ಪಡುವ ಪಾಡನ್ನೆಲ್ಲ ಇಲ್ಲಿ ಹುಲ್ಲು ಹುಟ್ಟಲೆಂದು ಪಡಬೇಕು.

ಗಣಿಗಳು 1956ರಲ್ಲಿ ರಾಷ್ಟ್ರೀಕರಣವಾಗಿ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆಯ ಕೈಸೇರಿ, ಕಡೆಗೆ 2001ರ ಫೆಬ್ರವರಿ 28ರಂದು ಮುಚ್ಚಿದವು. ಆ ವರ್ಷ ವಿಭೂತಿ ಬುಧವಾರವು ಅದೇ ದಿನ ಬಿದ್ದಿತ್ತು. ಮಣ್ಣಿನಿಂದ ಬಂದವರು ಮಣ್ಣಿಗೆ ಮರಳುವೆವೆಂದು ನೆನಪಿಸಿ ಹಣೆಗೆ ಬೂದಿ ಹಚ್ಚುವ ದಿನ. ಗಣಿಯಲ್ಲಿ ದುಡಿದ ಕ್ರೈಸ್ತ ಕುಟುಂಬಗಳು ಅಂದು ಸಂಜೆ ಯಾವ ಮನಸ್ಸಿನಿಂದ ಮನೆಗೆ ಮರಳಿದವೋ ಸರ್ವೇಶ್ವರನೇ ಬಲ್ಲ.

ಎರಡನೆಯ ಸಲ ನಾನು ಹೋದದ್ದು ಅದಾದ ಹಲವು ವರ್ಷಗಳ ಮೇಲೆ, ಆ ಬೀಗರ ಉತ್ತರಕ್ರಿಯೆಗೆ. ಸೂರ್ಯ ಹುಟ್ಟುವ ಮೊದಲೇ ಸಾವಿರಾರು ಜನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಿದ್ದರು, ಇಂದಿಗೂ ಹೋಗುತ್ತಾರೆ. ನಾನು ನೋಡಿದ ಬಂಗಲೆಗಳ ಹುಲ್ಲುಹಾಸು ಒಣಗಿತ್ತು, ಗುಲಾಬಿಯ ಪಾತಿಗಳಲ್ಲಿ ಬಳ್ಳಾರಿ ಜಾಲಿ ಎದ್ದಿತ್ತು. ನೀರು ನಿಂತೊಡನೆ ಇಂಗ್ಲೆಂಡು ಹೊರಟುಹೋಗಿತ್ತು. ದಾರಿಯ ಬದಿಯ ದೊಡ್ಡ ಮಳೆಮರಗಳು ಮಾತ್ರ ನಿಂತಿದ್ದವು. ಅವು ಬೇರು ಇಳಿಸಿದ್ದು ನಿಜವಾದ ಮಣ್ಣಿಗೆ. ಲೈನಿನ ಬೇವೂ ನಿಂತಿತ್ತು. ಉತ್ತರಕ್ರಿಯೆಯ ಊಟಕ್ಕೆ ಪೆಂಡಾಲು ಹಾಕುವಷ್ಟು ಹಣ ಆ ಮನೆಯಲ್ಲಿ ಇರಲಿಲ್ಲ. ಮರದ ಕೆಳಗೇ ಎಲೆ ಹಾಕಿದರು. ಸತ್ತವರ ಹೆಂಡತಿ ನನ್ನ ಬಳಿ ಬಂದು, ‘‘ಇದನ್ನು ಇವರೇ ಮದುವೆಯಾದ ವರ್ಷ ನೆಟ್ಟದ್ದು ಅಣ್ಣಾ. ಕಂಪನಿ ಕೊಟ್ಟದ್ದೆಲ್ಲ ಹೋಯಿತು, ಇದೊಂದು ಇದೆ’’ ಎಂದರು. ನಾನು ಉತ್ತರ ಹೇಳಲಾಗಲಿಲ್ಲ.

ಗುಡ್ಡಗಳ ಕಥೆ ಇನ್ನೂ ಮುಗಿದಿಲ್ಲ. ಆ ಹಿಟ್ಟಿನಲ್ಲಿ ಟನ್ನಿಗೆ ಒಂದು ಗ್ರಾಮಿಗೂ ಕಡಿಮೆ ಚಿನ್ನ ಇನ್ನೂ ಉಳಿದಿದೆ. ಅದನ್ನು ಮತ್ತೆ ಸೋಸಿ ತೆಗೆಯುವ ಕೇಂದ್ರದ ಪ್ರಸ್ತಾಪಕ್ಕೆ 2024ರ ಜೂನಿನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟವು ಸಮ್ಮತಿಯಿತ್ತಿತು. ಸಾವಿರ ಎಕರೆಗೂ ಮಿಕ್ಕ ನೆಲ ಅದು. ಊರಿಗೆ ಕೆಲಸ ಸಿಕ್ಕುವುದಾದರೆ ಬೇಡವೆನ್ನಲು ನಾನಾರು? ಆದರೆ ಒಂದು ಸಂಗತಿಯನ್ನು ಗಮನಿಸಿರಿ. ಚಿನ್ನದ ಕೊನೆಯ ಕಣ ಉಳಿದಿರುವವರೆಗೂ ಆ ಗುಡ್ಡದ ಮೇಲೆ ಮರ ನೆಡಲು ಯಾರಿಗೂ ಮನಸ್ಸು ಬಾರದು. ಮುಂದೆ ಅಗೆಯಬೇಕಾದ ಜಾಗದಲ್ಲಿ ಯಾರು ತಾನೇ ಬೇರು ಬಿಡಿಸುತ್ತಾರೆ?

ಇನ್ನು ನಮ್ಮ ಸೀಮೆಗೆ ಬರೋಣ. ದಾಂಡೇಲಿಯೂ ನೆಲದಿಂದ ತೆಗೆಯುವುದಕ್ಕಾಗಿಯೇ ಹುಟ್ಟಿಬೆಳೆದ ಊರು. ಅಳ್ನಾವರದಿಂದ ರೈಲುಹಳಿ ಬಂದದ್ದು ಸಾಗವಾನಿಯ ದಿಮ್ಮಿಗಳನ್ನು ಒಯ್ಯಲು. 1955ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಪ್ಲೈವುಡ್, ಫೆರೋ ಅಲಾಯ್ಸ್ ಕಾರ್ಖಾನೆಗಳೂ ಇದ್ದವು, ಅವು ಮುಚ್ಚಿ ಬಹಳ ಕಾಲವಾಯಿತು. ಜೋಯಿಡಾದ ಕಾಡಿನೊಳಗಿನ ಮ್ಯಾಂಗನೀಸ್ ಗಣಿಗಳೂ ನಿಂತುಹೋದವು. ಸೂಪಾ ಊರು ಅಣೆಕಟ್ಟಿನ ನೀರಿನಡಿ ಹೋಯಿತು. ಅಲ್ಲಿಂದ ಎದ್ದು ರಾಮನಗರಕ್ಕೆ ಬಂದವರ ಮಕ್ಕಳು ಈ ಸಭೆಯಲ್ಲಿಯೂ ಇರಬಹುದು. ನಮ್ಮ ಧರ್ಮಕೇಂದ್ರದ ಅನೇಕ ಕುಟುಂಬಗಳು ಈ ಕಾಡಿನ ಕೆಲಸದಿಂದಲೇ ಅನ್ನ ಕಂಡವು. ಆದ್ದರಿಂದ ಕಾರ್ಖಾನೆಗಳನ್ನು ಬೈಯುವುದು ನನ್ನ ಉದ್ದೇಶವಲ್ಲ.

ಬಿದಿರಿನ ಪ್ರಸಂಗವೊಂದನ್ನು ಮಾತ್ರ ಹೇಳಲೇಬೇಕು. ಕಾಗದಕ್ಕಾಗಿ ಬಿದಿರನ್ನು ಸರ್ಕಾರವು ನಾಮಮಾತ್ರದ ದರಕ್ಕೆ ಕೊಡುತ್ತಿದ್ದ ಕಾಲವೊಂದಿತ್ತು. ಬುಟ್ಟಿ ಹೆಣೆಯುವ ಮೇದಾರನು ಅದೇ ಬಿದಿರಿಗೆ ಪೇಟೆಯ ಬೆಲೆ ತೆರಬೇಕಾಗಿತ್ತು. 1970ರ ದಶಕದ ಹೊತ್ತಿಗೆ ಮೆಳೆಗಳು ಕ್ಷೀಣಿಸಿದವು. ಹಳ್ಳಿಗರು ಕಡಿದು ಹಾಳುಮಾಡುತ್ತಿದ್ದಾರೆಂದೇ ಮೇಲಿನವರ ನಂಬಿಕೆ. ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರು ಕಾಡು ಸುತ್ತಿ ಪರೀಕ್ಷಿಸಿದಾಗ ಬೇರೆಯದೇ ಸಂಗತಿ ತಿಳಿದುಬಂದಿತು. ಕಡಿಯಲು ಅನುಕೂಲವಾಗಲೆಂದು ಮೆಳೆಯ ಬುಡದ ಮುಳ್ಳುಗಳನ್ನೆಲ್ಲ ಸವರಿ ‘ಸ್ವಚ್ಛ’ ಮಾಡುತ್ತಿದ್ದರು. ಮುಳ್ಳಿನ ಮರೆ ಹೋದೊಡನೆ ಮಳೆಗಾಲದ ಎಳೆಯ ಕಳಲೆ ದನಗಳ, ಕಾಡುಪ್ರಾಣಿಗಳ ಬಾಯಿಗೆ ಸಿಕ್ಕುತ್ತಿತ್ತು. ಮೆಳೆಗೆ ಹೊಸ ಬಿದಿರೇ ಏಳುತ್ತಿರಲಿಲ್ಲ. ಮುಳ್ಳು ತೆಗೆಯಬಾರದೆಂದು ಹಳ್ಳಿಗರು ಮೊದಲೇ ಬಲ್ಲರು. ನಮ್ಮ ಕುಣಬಿಗಳನ್ನು, ಸಿದ್ದಿಗಳನ್ನು, ಗೌಳಿಗಳನ್ನು ಯಾರಾದರೂ ಕೇಳಿದ್ದರೆ ಆ ವಿದ್ಯೆ ಪುಕ್ಕಟೆಯಾಗಿಯೇ ದೊರೆಯುತ್ತಿತ್ತು.

ಕೋಲಾರದ ಚಿನ್ನಕ್ಕೂ ನಮ್ಮ ಬಿದಿರಿಗೂ ಇರುವ ವ್ಯತ್ಯಾಸ ಇಷ್ಟೇ. ತೆಗೆದ ಚಿನ್ನ ಮತ್ತೆ ಹುಟ್ಟುವುದಿಲ್ಲ. ಬಿದಿರು, ಮತ್ತಿ, ಹೊನ್ನೆಗಳು ಮತ್ತೆ ಹುಟ್ಟುತ್ತವೆ. ಬುಡದ ಮುಳ್ಳನ್ನೂ ಅಡಿಯ ಮಣ್ಣನ್ನೂ ಬಿಟ್ಟುಕೊಟ್ಟಿದ್ದರೆ ಮಾತ್ರ. ಕೆ.ಜಿ.ಎಫ್.ನವರು ಗಾಡಿಗಟ್ಟಲೆ ಮಣ್ಣು ತಂದು ಸುರಿದರೂ ನೂರು ವರ್ಷಕ್ಕೆ ಆಗದ ಮಣ್ಣು ನಮ್ಮ ಕಾಲಡಿಯಲ್ಲಿ ತಾನಾಗಿಯೇ ಇದೆ. ಏದೆನ್ ತೋಟದಲ್ಲಿ ಮನುಷ್ಯನನ್ನು ಇರಿಸಿದಾಗ ದೇವರು ಒಪ್ಪಿಸಿದ ಕೆಲಸ ಎರಡು: ವ್ಯವಸಾಯ ಮಾಡುವುದು ಮತ್ತು ಕಾಯುವುದು. ಮೊದಲನೆಯದನ್ನು ನಾವು ಚೆನ್ನಾಗಿ ನೆನಪಿಟ್ಟುಕೊಂಡಿದ್ದೇವೆ. ದಿವಂಗತ ಜಗದ್ಗುರು ಫ್ರಾನ್ಸಿಸರು 2015ರಲ್ಲಿ ‘ಲೌದಾತೋ ಸೀ’ ಎಂಬ ವಿಶ್ವಪತ್ರವನ್ನು ಹೊರಡಿಸಿ ಎರಡನೆಯದನ್ನು ಲೋಕಕ್ಕೆಲ್ಲ ನೆನಪಿಸಿದರು. ನೆಲದ ಕೂಗೂ ಬಡವರ ಕೂಗೂ ಒಂದೇ ಎಂಬುದು ಅದರ ತಿರುಳು. ಲೈನಿನ ಬೇವಿನ ಕೆಳಗೆ ಉಂಡು ಬಂದವನಿಗೆ ಅದಕ್ಕೆ ವ್ಯಾಖ್ಯಾನ ಬೇಕಾಗಲಿಲ್ಲ.

ಧರ್ಮಪೀಠಗಳಿಗೆ ಇದರಲ್ಲಿ ಏನು ಕೆಲಸವೆಂದು ಕೇಳುವವರಿದ್ದಾರೆ. ಮುಂಡಗೋಡದಿಂದ ಅಷ್ಟೇನೂ ದೂರವಲ್ಲದ ಗದಗ ಜಿಲ್ಲೆಯ ಕಪ್ಪತಗುಡ್ಡದಲ್ಲಿಯೂ ಚಿನ್ನವಿದೆ. ಅಲ್ಲಿ ಗಣಿಗಾರಿಕೆಯ ಪ್ರಸ್ತಾಪ ಬಂದಾಗ ಗದಗದ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರು ಜನರೊಡನೆ ಬೀದಿಗೆ ಬಂದು ಗುಡ್ಡದ ಪರವಾಗಿ ನಿಂತರು. 2019ರಲ್ಲಿ ಕಪ್ಪತಗುಡ್ಡವು ವನ್ಯಜೀವಿಧಾಮವಾಯಿತು. ಅದನ್ನು ಕಾಣಲು ಸ್ವಾಮೀಜಿಯವರು ಇರಲಿಲ್ಲ. ಒಂದು ಮಠ ಅಷ್ಟು ಮಾಡಿತು. ನಮ್ಮ ಕೈಯಲ್ಲಿರುವುದು ಒಂದು ಆವರಣ.

ಆ ಆವರಣದ ಮಾತಿಗೆ ಈಗ ಬಂದೆ. ಶತಮಾನೋತ್ಸವ ಭವನದ ನಕಾಶೆಯನ್ನು ತಾವೆಲ್ಲರೂ ಸೂಚನಾ ಫಲಕದಲ್ಲಿ ನೋಡಿದ್ದೀರಿ. ಭವನ ಬೇಕು, ಮಳೆಗಾಲದ ಮದುವೆಗಳಲ್ಲಿ ನೆನೆದು ಊಟ ಮಾಡಿದವರಲ್ಲಿ ನಾನೂ ಒಬ್ಬ. ಆದರೆ ಗುರುತು ಹಾಕಿರುವ ಜಾಗದಲ್ಲಿ ಐದು ಮಾವಿನ ಮರಗಳಿವೆ. ನಮ್ಮ ಅಜ್ಜಂದಿರು ಹುಲ್ಲಿನ ಮಾಡಿನ ಪ್ರಾರ್ಥನಾಮಂದಿರದಲ್ಲಿ ಬಲಿಪೂಜೆಗೆ ಕೂಡುತ್ತಿದ್ದ ಕಾಲದಲ್ಲಿ ನೆಟ್ಟವು ಅವು. ತೆನೆಹಬ್ಬದ ದಿನ ಕಣಜದ ತೆನೆಗಳನ್ನು ಆಶೀರ್ವದಿಸುವುದು ಇಂದಿಗೂ ಅವುಗಳ ಕೆಳಗೆ. ಮರಿಯ ಮಾತೆಗೆ ಹೂ ತಂದ ಮಕ್ಕಳು ಸಾಲು ನಿಲ್ಲುವುದೂ ಅಲ್ಲಿಯೇ. ಭವನವನ್ನು ಪಶ್ಚಿಮಕ್ಕೆ ಮೂವತ್ತು ಅಡಿ ಸರಿಸಿದರೆ ಮರಗಳು ಉಳಿಯುತ್ತವೆ. ತಗ್ಗು ಜಾಗವಾದ್ದರಿಂದ ಅಡಿಪಾಯಕ್ಕೆ ಖರ್ಚು ಹೆಚ್ಚಾಗುತ್ತದೆಂದು ಎಂಜಿನಿಯರರು ಹೇಳುತ್ತಾರೆ, ಅದು ಸುಳ್ಳಲ್ಲ. ಆ ಹೆಚ್ಚಳವನ್ನು ನಾವು ಮನೆಗಿಷ್ಟು ಎಂದು ಹಂಚಿಕೊಳ್ಳಬಹುದೇ ಎಂಬುದನ್ನು ಸಮಿತಿಯು ಮುಂದಿನ ಸಭೆಯಲ್ಲಿ ಧರ್ಮಕೇಂದ್ರದ ಎಲ್ಲರ ಮುಂದಿಡಬೇಕೆಂದು ನಾನು ಕೈಮುಗಿದು ಕೇಳುತ್ತೇನೆ. ನನ್ನ ಪಾಲನ್ನು ಇಂದೇ ಗುರುಗಳ ಕೈಯಲ್ಲಿ ಕೊಟ್ಟಿದ್ದೇನೆ.

ಹೀಗೆ ಉಪದೇಶ ಮಾಡುವ ನಾನು ನಿರ್ದೋಷಿಯಲ್ಲ. ಸ್ಮಶಾನದ ಹಿಂದಿನ ಎರಡು ಎಕರೆಯಲ್ಲಿದ್ದ ನೇರಳೆ, ಕಿಂದಳಗಳ ಕುರುಚಲನ್ನು ಸವರಿ ಅಕೇಶಿಯಾ ನೆಡಬೇಕೆಂಬ ಪ್ರಶ್ನೆ ಬಂದಾಗ ಸಮಿತಿಯಲ್ಲಿ ನಾನೂ ಇದ್ದೆ, ನಾನೂ ಕೈ ಎತ್ತಿದೆ. ಬೇಗ ಬೆಳೆಯುತ್ತದೆ, ದನ ತಿನ್ನುವುದಿಲ್ಲ, ಮಾರಿದರೆ ದೇವಾಲಯಕ್ಕೆ ಆದಾಯವೆಂದು ಲೆಕ್ಕ ಹೇಳಿದವನೂ ನಾನೇ. ಎರಡು ಸಲ ಕಡಿದು ಮಾರಿದೆವು. ಬಂದ ಹಣ ಎಲ್ಲಿ ಕರಗಿತೋ ಈಗ ನೆನಪಿಲ್ಲ. ಅದರಡಿಯಲ್ಲಿ ಬೇರಾವ ಗಿಡವೂ ಸರಿಯಾಗಿ ಏಳಲಿಲ್ಲ, ಹಕ್ಕಿ ಗೂಡು ಕಟ್ಟಲಿಲ್ಲ. ಮೃತರ ಸ್ಮರಣೆಯ ದಿನ, ನವೆಂಬರ್ 2ರಂದು, ಸಮಾಧಿಗಳಿಗೆ ಮೇಣದಬತ್ತಿ ಹಚ್ಚಲು ಹೋದಾಗ ನನ್ನ ತಂದೆಯ ಶಿಲುಬೆಯ ಹಿಂದೆ ಆ ಒಣಗಿದ ಎಲೆಗಳ ರಾಶಿಯನ್ನು ಕಂಡು ಪ್ರತಿವರ್ಷವೂ ನಾಚಿಕೆಪಡುತ್ತೇನೆ.

ಆದ್ದರಿಂದ ಕಳೆದ ಮಳೆಗಾಲದಿಂದ ನಮ್ಮ ಹಿತ್ತಿಲಿನಲ್ಲಿ ಸಸಿ ಮಾಡುತ್ತಿದ್ದೇನೆ. ಹೊನ್ನೆ, ಮತ್ತಿ, ನಂದಿ, ಹಲಸು, ನೇರಳೆ, ನೆಲ್ಲಿ ಸೇರಿ ಇನ್ನೂರರಷ್ಟು ಆಗಿವೆ. ಹೊನ್ನೆಯ ಬೀಜ ಮೊಳೆಯಲು ಸತಾಯಿಸುತ್ತದೆ. ಐದು ಬಿತ್ತಿದರೆ ಎರಡು ಎದ್ದರೆ ಪುಣ್ಯ. ಹೆಸರಿನಲ್ಲಿ ಹೊನ್ನು ಇರುವ ಮರವಾದ್ದರಿಂದ ಬಿಗುಮಾನವೆಂದು ನನ್ನ ಮೊಮ್ಮಗಳು ನಗುತ್ತಾಳೆ. ಅಕೇಶಿಯಾ ಸಾಲುಗಳ ನಡುವೆ ಮೊದಲ ವರ್ಷ ನೂರು ಗುಂಡಿ ತೆಗೆದರೆ ಸಾಕು. ಹಳೆಯ ಮರಗಳನ್ನು ಒಮ್ಮೆಲೇ ಕಡಿಯುವುದು ಬೇಡ, ಎಳೆಯ ಸಸಿಗಳಿಗೆ ಅವುಗಳ ನೆರಳು ಸ್ವಲ್ಪ ಕಾಲ ಬೇಕು. ಯುವಸಂಘದವರು ಮೇ ತಿಂಗಳ ಮೊದಲ ಭಾನುವಾರ ಎರಡನೆಯ ಬಲಿಪೂಜೆ ಮುಗಿದೊಡನೆ ಸ್ಮಶಾನದ ಗೇಟಿನ ಬಳಿ ಸೇರಲಿ. ಗುದ್ದಲಿ, ಹಾರೆ, ಬುಟ್ಟಿಗಳು ನಮ್ಮ ಮನೆಯಲ್ಲಿವೆ. ಮಧ್ಯಾಹ್ನದ ಗಂಜಿಯನ್ನು ಮಾತೆಯರ ಸಂಘದವರು ಒಪ್ಪಿಕೊಂಡಿದ್ದಾರೆ; ಅದನ್ನು ಮಾವಿನ ಮರದ ಕೆಳಗೇ ಬಡಿಸುವುದೆಂದು ಗುರುಗಳು ಅಪ್ಪಣೆ ಕೊಟ್ಟಿದ್ದಾರೆ.